ಪಕ್ಕದ ಸೀಟಿನವರು

ನಮ್ಮಪ್ಪ ನನ್ನ ಜೊತೆ ಇಡೀ ವರ್ಷ ಆಡುವಷ್ಟು ಮಾತನ್ನು ಆ ಹುಡುಗನ ಜೊತೆ ಒಂದೇ ಭಾನುವಾರ ಬೆಳಿಗ್ಗೆ ಆಡಿ ಮುಗಿಸುತ್ತಿದ್ದರು. ಇದಕ್ಕೆ ನಾನು ಉಪ್ಪು ಖಾರ ಏನೂ ಹಚ್ಚಿಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು "ಗೇಟು ಹಾಕಿದ್ಯಾ?", "ಕೈ ತೊಳ್ಕೊಂಡು ಕೂತ್ಕೋ", "ಆ ಫ್ಯಾನ್ ಯಾಕೋ ಕಿರ್ ಅಂತಿದೆ ನೋಡು", ಇಷ್ಟೇ. ಅವನ ಪಾಲಿಗೆ ಮಾತ್ರ ಹೊಳೆ ಹರಿಯುತ್ತಿತ್ತು.

ಅವನು ವಿಶ್ವವಿದ್ಯಾಲಯದವನು. ವಾರಪತ್ರಿಕೆಗಳ ಸಿನಿಮಾ ವಿಮರ್ಶೆಯ ಭಾಷೆ ಮತ್ತು ಶೈಲಿ ಅನ್ನುವುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಪದವಿ ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ನಾನು ಅವನಿಗೆ ಅರ್ಧ ಡಾಕ್ಟರು ಅಂತ ಹೆಸರಿಟ್ಟಿದ್ದೆ. ಹೆಚ್ಚುಕಮ್ಮಿ ನನ್ನದೇ ವಯಸ್ಸು. ಅಪ್ಪ ಒಂದು ವಾರಪತ್ರಿಕೆಗೆ ಅರ್ಧ ಆಯಸ್ಸು ವಿಮರ್ಶೆ ಬರೆದವರು. ಪತ್ರಿಕೆ ಮುಚ್ಚಿತು, ಅಪ್ಪ ಮನೆಯಲ್ಲಿ ಕೂತರು, ಜನ ಮರೆತರು. ಹಾಗೆ ಮರೆತವರನ್ನು ಹುಡುಕಿಕೊಂಡು ಇವನೊಬ್ಬ ಬಂದ. ಮೊದಲ ದಿನ ಬಾಗಿಲು ತೆಗೆದವನು ನಾನೇ. "ಸರ್ ಇದ್ದಾರಾ?" ಅಂದ. ಯಾವ ಸರ್ ಅಂತ ಒಂದು ಗಳಿಗೆ ನನಗೆ ಹೊಳೆಯಲೇ ಇಲ್ಲ.

ಅವತ್ತಿನಿಂದ ಅಪ್ಪನಿಗೆ ಭಾನುವಾರ ಬಂದರೆ ಸಾಕು, ಬೆಳಕು ಹರಿಯುವ ಮೊದಲೇ ಗಡ್ಡ ಕೆರೆದುಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ತಯಾರು. ಅಟ್ಟದ ಮೇಲಿದ್ದ ಹಳೆ ಸಂಚಿಕೆಗಳ ಕಟ್ಟುಗಳನ್ನು ಇಳಿಸಿದವನು ನಾನು, ಧೂಳು ಕುಡಿದವನು ನಾನು, ಕೆಮ್ಮಿದವನು ನಾನು. "ಹುಷಾರು ಕಣೋ, ಹರಿದೀಯ" ಅನ್ನಿಸಿಕೊಂಡವನೂ ನಾನೇ. ಅರ್ಧ ಡಾಕ್ಟರು ಅದೇ ಹಾಳೆಗಳ ಮೇಲೆ ಬಣ್ಣದ ಪೆನ್ನಿನಿಂದ ಗೀಟು ಎಳೆದರೆ ಅಪ್ಪನಿಗೆ ಅದು ಪುಣ್ಯದ ಕೆಲಸ.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಹಳೆ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ವಾರ್ನಿಷ್ ಹಚ್ಚುವುದು ನನ್ನ ಹೊಟ್ಟೆಪಾಡು. ಭಾನುವಾರ ಅಂಗಡಿಗೆ ರಜೆ. ಆದರೂ ಒಂದು ಫ್ಯಾನನ್ನು ಮನೆಗೆ ತಂದು ಒಳಗಿನ ಕೋಣೆಯ ಬಾಗಿಲಲ್ಲಿ ಕೂರುತ್ತಿದ್ದೆ. ಕೈ ತಂತಿಯ ಮೇಲೆ, ಕಿವಿ ಹೊರಗಿನ ಕೋಣೆಯ ಮೇಲೆ.

"ಸರ್, ನೀವು ಎಲ್ಲಾ ಕಡೆ 'ಚಿತ್ರ ಎಡವಿದೆ' ಅಂತೀರಿ. 'ಸೋತಿದೆ' ಅಂತ ಎಲ್ಲೂ ಇಲ್ಲ. ಯಾಕೆ ಸರ್?"

"ಎಡವಿದೋನು ಎದ್ದು ನಿಲ್ತಾನೆ ಕಣಪ್ಪಾ. ಸೋತೋನು ಮುಂದಿನ ಸಿನಿಮಾಗೆ ನಮಗೆ ಪಾಸು ಕಳಿಸಲ್ಲ."

ಅರ್ಧ ಡಾಕ್ಟರು ನಗುತ್ತ ಬರೆದುಕೊಂಡ. "ಮತ್ತೆ 'ಹೊಸಬರ ಪ್ರಯತ್ನ ಮೆಚ್ಚಲೇಬೇಕು'?"

"ಮೆಚ್ಚೋಕೆ ಬೇರೇನೂ ಸಿಗಲಿಲ್ಲ ಅಂತ."

"'ಛಾಯಾಗ್ರಹಣ ಕಣ್ಣಿಗೆ ತಂಪು'?"

"ಕಥೆ ತಲೆಗೆ ಬಿಸಿ ಅಂತ. ಇನ್ನು 'ಒಮ್ಮೆ ನೋಡಬಹುದು' ಅಂದ್ರೆ, ಎರಡನೇ ಸಲ ನೋಡಿದ್ರೆ ನನ್ನ ಬೈಬೇಡಿ ಅಂತ."

ಒಳಗೆ ಅಮ್ಮ ಕೂಡ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಈ ಮನುಷ್ಯನಿಗೆ ಇಷ್ಟು ತಮಾಷೆ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲ! ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇದಕ್ಕೇ ಇರಬೇಕು.

ಅವನು ಕೇಳುತ್ತಲೇ ಹೋದ. ಕ್ಯಾಮೆರಾ, ಸಂಕಲನ, ಸಂಗೀತ ಎಲ್ಲವನ್ನೂ ಕೊನೆಯ ಪ್ಯಾರಾದಲ್ಲಿ ಯಾಕೆ ಗುಡ್ಡೆ ಹಾಕುತ್ತೀರಿ ಅಂದ. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಜಾಹೀರಾತು ಬಂತು ಅಂದ್ರೆ ಬರಹನ ಬುಡದಿಂದ ಕತ್ತರಿಸೋರು. ಅದಕ್ಕೇ ಹೃದಯ ಮೇಲಿಡ್ತಿದ್ದೆ, ಉಗುರು ಕೆಳಗಿಡ್ತಿದ್ದೆ. ಉಗುರು ಕತ್ತರಿಸಿದ್ರೆ ನೋವಾಗಲ್ಲ ನೋಡು." ಆಮೇಲೆ ತಮ್ಮ ಸಂಪಾದಕರ ಬಗ್ಗೆ ಹೇಳಿದರು. ಆ ಸಂಪಾದಕರದ್ದು ಒಂದೇ ಕಟ್ಟಪ್ಪಣೆಯಂತೆ: ವಿಮರ್ಶಕ ಬರಹದಲ್ಲಿ ಎಲ್ಲೂ ಕಾಣಿಸಿಕೊಳ್ಳಬಾರದು. ಅವನು ನಗಬಾರದು, ಅಳಬಾರದು, ಆಕಳಿಸಲೂಬಾರದು. "'ನೀನು ತಕ್ಕಡಿ ಕಣಯ್ಯಾ. ತಕ್ಕಡಿ ಎಲ್ಲಾದ್ರೂ ಅಳುತ್ತಾ?' ಅಂತ ಕೆಂಪು ಪೆನ್ನಲ್ಲಿ ಹೊಡೆದು ಹಾಕೋರು."

ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಇದನ್ನೆಲ್ಲ ನನಗ್ಯಾಕೆ ಒಂದಿನಾನೂ ಹೇಳ್ಲಿಲ್ಲ?"

ಅಪ್ಪ ಕನ್ನಡಕ ಒರೆಸಿಕೊಳ್ಳುತ್ತ, "ನೀನು ಯಾವತ್ತು ಕೇಳಿದ್ದೆ?" ಅಂದರು.

ಕೇಳಬೇಕಿತ್ತಂತೆ! ಪಕ್ಕದಲ್ಲಿ ಕೂತವನು ಕೇಳಬೇಕೇನ್ರೀ? ಆಗ ಶುಕ್ರವಾರ ಸಿನಿಮಾ ಬಿಡುಗಡೆ, ಶನಿವಾರ ಸಂಜೆಗೆ ವಿಮರ್ಶೆ ಕೊಡಬೇಕು. ಪಾಸು ಎರಡು ಬರುತ್ತಿತ್ತು. ಅಮ್ಮನಿಗೆ ಕತ್ತಲೆ ಕೋಣೆಯಲ್ಲಿ ತಲೆನೋವು. ಹಾಗಾಗಿ ಶುಕ್ರವಾರ ಮಧ್ಯಾಹ್ನ ಅಪ್ಪ ಶಾಲೆಯ ಬಾಗಿಲಿಗೆ ಬಂದು "ಮನೇಲಿ ಸ್ವಲ್ಪ ಕೆಲಸ ಇದೆ" ಅಂತ ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಗಣಿತ. ನನಗೆ ಗಣಿತ ಬರಲಿಲ್ಲ. ಗಣಿತ ಬರದವನಿಗೆ ಶಾಲೆ ಬರಲಿಲ್ಲ. ಮೇಷ್ಟರು "ನಿನ್ನ ತಲೇಲಿ ಬರೀ ರೀಲು ಓಡ್ತಿದೆ" ಅಂದರು, ನಾನು ಪುಸ್ತಕದ ಚೀಲ ಬಿಸಾಕಿ ವೈಂಡಿಂಗ್ ಅಂಗಡಿ ಸೇರಿದೆ. ಅದಕ್ಕೆ ನನ್ನ ದೂರಿಲ್ಲ. ಆದರೆ ಆ ಕತ್ತಲೆಯಲ್ಲಿ ಅಪ್ಪನ ಪಕ್ಕ ಕೂತವನು ನಾನು. ಈ ಅರ್ಧ ಡಾಕ್ಟರು ಆಗ ಎಲ್ಲಿದ್ದ? ಗಣಿತದ ತರಗತಿಯಲ್ಲಿ!

ಅದರ ಮುಂದಿನ ಭಾನುವಾರ ಅವನು ಹಚ್ಚಿದ ಬೆಂಕಿಗೆ ಹೋಲಿಸಿದರೆ ಅಲ್ಲಿವರೆಗಿನದು ಬರೀ ಹೊಗೆ.

"ಸರ್, ಈ ಅಧ್ಯಾಯ ನಂಗೆ ತುಂಬಾ ಇಷ್ಟ. 'ಪಕ್ಕದ ಸೀಟಿನವರು' ಅಂತ ಹೆಸರಿಟ್ಟಿದೀನಿ." ಅವನು ಸಾಲುಗಳನ್ನು ಓದಿದ. *ಪಕ್ಕದ ಸೀಟಿನವರು ನಕ್ಕು ನಕ್ಕು ಚಪ್ಪಲಿ ಕಳೆದುಕೊಂಡರು. ಪಕ್ಕದ ಸೀಟಿನವರು ಮಧ್ಯಂತರಕ್ಕೆ ಎದ್ದವರು ಮತ್ತೆ ಬರಲು ಮನಸ್ಸು ಮಾಡಲಿಲ್ಲ. ಪಕ್ಕದ ಸೀಟಿನವರು ಖಳನಿಗೆ ಕೇಳಿಸುವಂತೆಯೇ ಬೈದರು.* "ಬೇರೆ ಯಾವ ವಿಮರ್ಶಕರಲ್ಲೂ ಇದು ಇಲ್ಲ. ಬೇರೆಯವರು ತೀರ್ಪು ಕೊಡ್ತಾರೆ. ನೀವು ಒಬ್ಬ ಮನುಷ್ಯನ್ನ ಕೂರಿಸ್ತೀರಿ. ನಿಮ್ಮ ಶೈಲಿಯ ಜೀವ ಇರೋದೇ ಇಲ್ಲಿ. ಇದು ನೀವು ಕಟ್ಟಿದ ಕಾಲ್ಪನಿಕ ಪ್ರೇಕ್ಷಕ, ಅಲ್ವಾ ಸರ್?"

ನನ್ನ ಕೈಯಲ್ಲಿದ್ದ ತಂತಿ ತುಂಡಾಯಿತು. ಎದ್ದು ಹೊರಗಿನ ಕೋಣೆಗೆ ಬಂದೆ.

"ಕಾಲ್ಪನಿಕ ಅಲ್ಲ. ನಾನು."

"ಏನಣ್ಣಾ?"

"ಪಕ್ಕದ ಸೀಟಲ್ಲಿ ಕೂತಿದ್ದೋನು ನಾನು. ನಕ್ಕಿದ್ದು, ಬೈದಿದ್ದು, ಚಪ್ಪಲಿ ಕಳ್ಕೊಂಡಿದ್ದು, ಎಲ್ಲಾ ನಾನೇ. ಬರ್ಕೊಳ್ಳಿ."

ಅರ್ಧ ಡಾಕ್ಟರು ಅಪ್ಪನ ಮುಖ ನೋಡಿದ. ನಾನೂ ನೋಡಿದೆ. ನನಗೆ ಬೇಕಾಗಿದ್ದದ್ದು ಬಹಳ ಏನಲ್ಲ. ಅವನೆದುರು ಒಂದೇ ಒಂದು "ಹೌದು" ಬೇಕಿತ್ತು. ಪುಸ್ತಕದ ಹುಡುಗನ ಕಣ್ಣೆದುರು, ವಾರ್ನಿಷ್ ಮೆತ್ತಿದ ಕೈಯ ಮಗನನ್ನು ತೋರಿಸಿ, ಇವನೇ ಅಂತ ಒಂದು ಮಾತು.

ಅಪ್ಪ ಕೆಮ್ಮಿದರು. ಕಿಟಕಿಯ ಕಡೆ ನೋಡಿದರು. "ಅದೊಂದು ತಂತ್ರ ಕಣಪ್ಪಾ. ತಂತ್ರ ಅಂತ್ಲೇ ಬರ್ಕೋ" ಅಂದರು.

ಆ ವಾರ ಅಂಗಡಿಯಲ್ಲಿ ನಾನು ಸುತ್ತಿದ ಮೋಟಾರುಗಳು ಯಾರ ಮನೆಯಲ್ಲಿ ಹೊಗೆಯಾಡುತ್ತಿವೆಯೋ ಗೊತ್ತಿಲ್ಲ. ತಂತ್ರವಂತೆ! ನನ್ನ ನಗು ತಂತ್ರ, ನನ್ನ ಚಪ್ಪಲಿ ತಂತ್ರ. ನನ್ನ ಗಣಿತ ಹಾಳಾದದ್ದೂ ತಂತ್ರವೇ ಇರಬೇಕು. ಅಂಗಡಿಯ ಮೇಸ್ತ್ರಿ ನನ್ನ ಮುಖ ನೋಡಿ, "ಯಾಕೋ, ಶಾರ್ಟ್ ಆಗಿದೀಯ?" ಅಂತ ಕೇಳಿದರು.

"ಆಗಿದೆ ಬಿಡಿ."

"ಯಾರಾದ್ರೂ ಹುಡುಗೀನಾ?"

"ಅಲ್ಲ. ನಮ್ಮಪ್ಪ."

ಮೇಸ್ತ್ರಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, "ಅದಕ್ಕೆ ನನ್ನ ಹತ್ರ ಬಿಡಿಭಾಗ ಇಲ್ಲಪ್ಪಾ" ಅಂದರು.

ಭಾನುವಾರ ನಾನೇ ಬಾಗಿಲು ತೆಗೆದು, ಅರ್ಧ ಡಾಕ್ಟರನ್ನು ಕೂರಿಸಿ, ಅಪ್ಪನನ್ನೂ ಕೂರಿಸಿ, ಎದುರಿಗೆ ನಿಂತೆ. ಆ ಚಪ್ಪಲಿಯ ಕಥೆಯನ್ನು ತಲೆಯಿಂದ ಬುಡದವರೆಗೂ ಹೇಳಿದೆ. ಇಬ್ಬರು ಕಳ್ಳರು ಒಂದೇ ಮನೆಗೆ ಎರಡು ಕಡೆಯಿಂದ ನುಗ್ಗಿ ಒಬ್ಬರನ್ನೊಬ್ಬರು ಪೊಲೀಸ್ ಅಂದುಕೊಳ್ಳುವ ಸಿನಿಮಾ. ದಪ್ಪ ಕಳ್ಳ ಕಿಟಕಿಯಲ್ಲಿ ಸಿಕ್ಕಿಕೊಂಡಾಗ ನಾನು ಕಾಲು ಬಡಿದು ನಕ್ಕೆ, ಎಡಗಾಲಿನ ಚಪ್ಪಲಿ ಮುಂದಿನ ಸಾಲಿನ ಕೆಳಗೆ ಹೋಯಿತು, ದೀಪ ಹತ್ತುವವರೆಗೂ ಸಿಗಲಿಲ್ಲ. "ಇದು ಕಲ್ಪನೆಯಾ? ಹೇಳಿ!"

ಅರ್ಧ ಡಾಕ್ಟರು ಕಟ್ಟುಗಳ ಕಡೆ ಕೈ ಚಾಚಿದ. ಅವನಲ್ಲಿ ನನಗೆ ಆಗದೇ ಇದ್ದದ್ದು ಇದೇ. ಅವನು ಜಗಳಕ್ಕೂ ಬರುವುದಿಲ್ಲ, ಕೊಬ್ಬೂ ತೋರಿಸುವುದಿಲ್ಲ. ಒಂದು ಕಟ್ಟು ಎಳೆದು, ಹಾಳೆ ತಿರುವಿ, ನನ್ನ ಮುಂದೆ ಹಿಡಿದ. ವಿಮರ್ಶೆಯಲ್ಲಿ ಅದೇ ಇತ್ತು. ದಪ್ಪ ಕಳ್ಳ, ಕಿಟಕಿ, ಎಡಗಾಲಿನ ಚಪ್ಪಲಿ, ಮುಂದಿನ ಸಾಲಿನ ಕೆಳಗೆ, ದೀಪ ಹತ್ತುವವರೆಗೆ. ನಾನು ಹೇಳಿದ ಮಾತುಗಳೇ, ನಾನು ಹೇಳಿದ ಸರದಿಯಲ್ಲೇ.

"ಅಣ್ಣಾ, ತಪ್ಪು ತಿಳ್ಕೋಬೇಡಿ. ನೀವು ಹುಟ್ಟಿದ ವರ್ಷ ಯಾವುದು?"

ಹೇಳಿದೆ. ಅವನು ಸಂಚಿಕೆಯ ತಲೆಯಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟ. ನಾನು ಹುಟ್ಟುವುದಕ್ಕೆ ಎಷ್ಟೋ ಹಿಂದಿನದು.

ಕಾಲ ಕೆಳಗಿನ ನೆಲ ಸರಿಯಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಕಿವಿ ಬಿಸಿಯಾಯಿತು, ಅಷ್ಟೇ. ನನ್ನ ಎಡಗಾಲಿಗೆ ಇಂದಿಗೂ ಆ ಚಪ್ಪಲಿ ಜಾರಿದ್ದು ಗೊತ್ತು. ಆದರೆ ಚಿಕ್ಕವನಾಗಿದ್ದಾಗ ಮನೆಯಲ್ಲಿದ್ದ ಓದುವ ಸಾಮಾನೆಂದರೆ ಈ ಕಟ್ಟುಗಳೇ. ಜ್ವರ ಬಂದರೆ, ಶಾಲೆ ತಪ್ಪಿಸಿದರೆ, ಅಮ್ಮ ಬೈದರೆ, ಅಟ್ಟದ ಮೇಲೆ ಕೂತು ಅವನ್ನೇ ಓದಿದ್ದೆ. ನೋಡಿದ್ದು ಯಾವುದು, ಓದಿದ್ದು ಯಾವುದು ಅಂತ ಬೇರೆ ಮಾಡಲು ನನಗೇ ಬರಲಿಲ್ಲ.

ಅಪ್ಪ ಮೆತ್ತಗೆ ಅಂದರು: "ನೀನು ಇಂಟರ್ವಲ್ ಆದ್ಮೇಲೆ ಎಚ್ಚರ ಇರ್ತಿದ್ದದ್ದೇ ಅಪರೂಪ ಕಣೋ. ನನ್ನ ಭುಜದ ಮೇಲೆ ಜೊಲ್ಲು ಸುರಿಸ್ಕೊಂಡು ಮಲಗಿರ್ತಿದ್ದೆ."

ಅರ್ಧ ಡಾಕ್ಟರ ಮುಂದೆ! ಜೊಲ್ಲು!

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು, ಒದ್ದೆ ಕೈ ಸೊಂಟದ ಮೇಲೆ. "ಅದಿರ್ಲಿ. ಇವನು ಹುಟ್ಟೋಕೆ ಮುಂಚೆ ಪಕ್ಕದ ಸೀಟಲ್ಲಿ ಕೂತ್ಕೊಂಡು ನಕ್ಕು ನಕ್ಕು ಚಪ್ಪಲಿ ಬಿಟ್ಟೋಳು ಯಾರ್ರೀ?"

"ಅಯ್ಯೋ, ಬಿಟ್ಟೋಳು ಅಂತ ಎಲ್ಲಿದೆ? ಸೀಟಿನವರು ಅಂತಿದೆ."

"ಬಹುವಚನ ಬೇರೆ! ಮರ್ಯಾದೆ ಕೊಟ್ಟು ಕೂರಿಸ್ಕೊಂಡಿದ್ರಾ?"

"ನೋಡೇ, ಅದು ತಂತ್ರ..."

"ಗೊತ್ತು ನಿಮ್ಮ ತಂತ್ರ. ನನಗೆ ತಲೆನೋವು ಅಂತ ಹೇಳಿ ಹೇಳಿ ಮನೇಲಿ ಬಿಟ್ಟು ಹೋಗ್ತಿದ್ದೋರು ನೀವೇ ಅಲ್ವಾ? ನನಗೆ ಯಾವತ್ತು ತಲೆನೋವು ಬಂದಿತ್ತು?"

ಅರ್ಧ ಡಾಕ್ಟರು ತನ್ನ ಚಹಾ ಲೋಟದೊಳಗೆ ಏನೋ ಬಿದ್ದಿರುವಂತೆ ಅದನ್ನೇ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಅಪ್ಪನ ಕೈ ಕನ್ನಡಕಕ್ಕೆ ಹೋಯಿತು, ಅಂಗಿಯ ಗುಂಡಿಗೆ ಹೋಯಿತು, ಮತ್ತೆ ಕನ್ನಡಕಕ್ಕೆ ಬಂತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಕಟ್ಟಡದ ಮೆಟ್ಟಿಲ ಮೇಲೆ ಕೂತೆ.

ಅಲ್ಲಿ ಕೂತು ಹುಡುಕಿದೆ. ಈ ಕಟ್ಟುಗಳಲ್ಲಿ ಅಚ್ಚಾಗದೇ ಇರುವ, ಅರ್ಧ ಡಾಕ್ಟರ ಬೆರಳಿಗೆ ಸಿಗದ ಒಂದೇ ಒಂದು ಸಂಗತಿ ನನ್ನ ತಲೆಯಲ್ಲಿ ಇರಲೇಬೇಕು. ಕಥೆಗಳೆಲ್ಲ ವಿಮರ್ಶೆಯಿಂದ ಬಂದಿರಬಹುದು. ಕುರ್ಚಿಯ ಕಿತ್ತ ಸ್ಪಂಜು? ಅದೂ ಒಂದು ವಿಮರ್ಶೆಯಲ್ಲಿತ್ತು. ಹಾಳಾದವನು ಏನನ್ನೂ ಬಿಟ್ಟಿರಲಿಲ್ಲ, ನಮ್ಮಪ್ಪ!

ಆಮೇಲೆ ತೋಳು ನೆನಪಾಯಿತು. ನನ್ನ ಬಲಗೈ ತೋಳು, ಶಾಲೆಯ ಅಂಗಿಯದ್ದು, ಒದ್ದೆಯಾಗಿದ್ದದ್ದು.

ಒಬ್ಬ ಲಾರಿ ಡ್ರೈವರ್ ತನ್ನ ಮಗಳು ಕಲಿಯಲೆಂದು ಅವಳನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟು, ವರ್ಷಗಟ್ಟಲೆ ಆ ಮನೆಯ ಮುಂದೆ ಲಾರಿ ನಿಲ್ಲಿಸಿ ಹಾರ್ನ್ ಹೊಡೆದು ಹೋಗುವ ಸಿನಿಮಾ. ನಾನು ಎಂದಿನಂತೆ ನಿದ್ದೆ ಹೋಗಿದ್ದೆ. ತಲೆಯ ಕೆಳಗಿನ ಭುಜ ಗಡಗಡ ನಡುಗಿ ಎಚ್ಚರವಾಯಿತು. ಯಂತ್ರ ಕೆಟ್ಟಾಗ ನಡುಗುತ್ತದಲ್ಲ, ಹಾಗೆ. ಪರದೆಯ ಬೆಳಕಲ್ಲಿ ಅಪ್ಪನ ಮುಖ ಪೂರ್ತಿ ಒದ್ದೆ. ಬಾಯಿಗೆ ಮುಷ್ಟಿ ಒತ್ತಿಕೊಂಡು ಅಳುತ್ತಿದ್ದರು. ಕರವಸ್ತ್ರ ಮರೆತಿದ್ದರು ಅಂತ ಕಾಣುತ್ತದೆ, ನಾನು ಮಲಗಿದ್ದೇನೆ ಅಂದುಕೊಂಡು ನನ್ನ ತೋಳನ್ನೇ ಮೆಲ್ಲಗೆ ಎತ್ತಿ ಕಣ್ಣು ಒರೆಸಿಕೊಂಡರು, ಮೂಗೂ ಒರೆಸಿಕೊಂಡರು. ನಾನು ಭಯದಲ್ಲಿ ಕಣ್ಣು ಮುಚ್ಚಿಕೊಂಡೆ. ಅಪ್ಪ ಅಳುವುದನ್ನು ನೋಡಿದರೆ ಏನಾಗುತ್ತದೋ ಅಂತ.

ಆ ವಾರದ ವಿಮರ್ಶೆಯೂ ನೆನಪಿತ್ತು. *ಅಗ್ಗದ ಕಣ್ಣೀರು. ಪಕ್ಕದ ಸೀಟಿನವರು ಮುಷ್ಟಿ ಕಚ್ಚಿಕೊಂಡು ಅತ್ತರು ಎಂಬುದನ್ನು ಮಾತ್ರ ದಾಖಲಿಸಬೇಕು.*

ಮೆಟ್ಟಿಲ ಮೇಲೆ ಕೂತಿದ್ದ ಹಾಗೆಯೇ ನನಗೆ ಎಲ್ಲಾ ತಿಳಿಯಿತು. ಪಕ್ಕದ ಸೀಟಿನಲ್ಲಿ ನಾನೂ ಇರಲಿಲ್ಲ, ಅಮ್ಮನ ಸವತಿಯೂ ಇರಲಿಲ್ಲ. ತಕ್ಕಡಿ ಅಳಬಾರದು ಅಂತ ಸಂಪಾದಕರು ಅಪ್ಪಣೆ ಮಾಡಿದ್ದಕ್ಕೆ, ಅಪ್ಪ ಅತ್ತಿದ್ದನ್ನು, ನಕ್ಕಿದ್ದನ್ನು, ಚಪ್ಪಲಿ ಕಳೆದುಕೊಂಡದ್ದನ್ನು ಎಲ್ಲಾ ಒಂದು ಸೀಟು ಆಚೆಗೆ ತಳ್ಳಿ ಬರೆದರು. ನಾನು ಹುಟ್ಟುವ ಮೊದಲೂ ಹಾಗೆ, ಹುಟ್ಟಿದ ಮೇಲೂ ಹಾಗೆ. ಪಕ್ಕದ ಸೀಟಿನವರು ಅಂದರೆ ಅಪ್ಪನೇ.

ಎದ್ದೆ. ಈಗ ನೋಡಿ ಅಂತ ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ.

ಒಳಗೆ ಅಮ್ಮ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದಳು. ಅರ್ಧ ಡಾಕ್ಟರು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಮೇಜಿನ ಮೇಲಿಟ್ಟಿದ್ದ. ಅಪ್ಪ ಸುಧಾರಿಸಿಕೊಂಡು, ಸಾಮಾನ್ಯ ಪ್ರೇಕ್ಷಕ, ಅವನ ಸಂವೇದನೆ, ವಿಮರ್ಶಕನ ದೂರ ಅಂತ ಪುಸ್ತಕದ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು. ಒಂದರಲ್ಲೂ ಜೀವವಿರಲಿಲ್ಲ. ಅವನಿಗೂ ಅದು ಗೊತ್ತಾಗಿತ್ತು. ಪೆನ್ನು ಎತ್ತದೆ ಸುಮ್ಮನೆ ಕೂತಿದ್ದ. ನನ್ನನ್ನು ನೋಡಿದ ಕೂಡಲೇ ತಿರುಗಿದ.

"ಬನ್ನಿ ಅಣ್ಣಾ. ನಂಗೆ ಇದು ಬರೀ ತಂತ್ರ ಅನ್ನಿಸ್ತಿಲ್ಲ. ಆ ಚಪ್ಪಲಿ ನಿಜವಾದ ಚಪ್ಪಲಿ. ನೀವು ಅಷ್ಟು ವರ್ಷ ಸರ್ ಜೊತೆ ಹೋಗಿದೀರಿ. ನಿಮಗೇನಾದ್ರೂ ನೆನಪಿದ್ಯಾ, ಪಕ್ಕದಲ್ಲಿ ಯಾರು ಇರ್ತಿದ್ರು?"

ಎಂಥ ಗಳಿಗೆ! ಅವನಿಗೆ ಬೇಕಾದ ಉತ್ತರ ನನ್ನ ನಾಲಿಗೆಯ ತುದಿಯಲ್ಲಿ. "ಹೂಂ, ಗೊತ್ತು" ಅಂದೆ.

ಅಪ್ಪ ತಲೆ ಎತ್ತಿದರು.

ನನ್ನ ಅಂಗಿಯ ತೋಳನ್ನು ನಾನು ಯಾವಾಗ ಹಿಡಿದುಕೊಂಡಿದ್ದೆನೋ ನನಗೇ ಗೊತ್ತಿಲ್ಲ. ಅಪ್ಪನ ಕಣ್ಣು ಮೊದಲು ಅಲ್ಲಿಗೆ ಹೋಯಿತು, ಆಮೇಲೆ ನನ್ನ ಮುಖಕ್ಕೆ ಬಂತು, ಅಲ್ಲೇ ನಿಂತಿತು. ಅಂಥ ನೋಟವನ್ನು ಅವರು ಅರ್ಧ ಡಾಕ್ಟರಿಗೆ ಒಂದು ಸಲವೂ ಕೊಟ್ಟಿರಲಿಲ್ಲ. ಅವನಿಗೆ ಕೊಟ್ಟಿದ್ದೆಲ್ಲ ಮಾತು. ಈ ನೋಟದಲ್ಲಿ ಮಾತಿರಲಿಲ್ಲ, ಹೆದರಿಕೆ ಇತ್ತು. ನಾಚಿಕೆ ಇತ್ತು. 'ನೀನು ಎಚ್ಚರ ಇದ್ಯಾ?' ಅನ್ನುವುದು ಇತ್ತು. ಇಡೀ ಕೋಣೆಯಲ್ಲಿ ಅದು ನನಗೊಬ್ಬನಿಗೇ ಸೇರಿದ್ದಾಗಿತ್ತು.

ಅರ್ಧ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದ. ಆ ಟಕ್ ಅನ್ನುವ ಸದ್ದು ಕೇಳಿದ್ದೇ ತಡ, ತೋಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಇದನ್ನೂ ಇವನಿಗೆ ಕೊಡುವುದಾ? ಕಟ್ಟುಗಳನ್ನು ಕೊಟ್ಟಾಯಿತು, ಅಪ್ಪನ ತಮಾಷೆ ಕೊಟ್ಟಾಯಿತು, ಅಪ್ಪನ ಭಾನುವಾರ ಕೊಟ್ಟಾಯಿತು, ನನ್ನ ಚಪ್ಪಲಿ ಕೂಡ ಕಿತ್ತುಕೊಂಡು ಹೋದ. ಈಗ ಈ ತೋಳೂ ಬೇಕಾ?

"ಯಾರೋ ಇರ್ತಿದ್ರು" ಅಂದೆ. "ಒಂದೊಂದು ವಾರ ಒಂದೊಂದು ಜನ. ಕತ್ತಲೇಲಿ ಯಾರು ಅಂತ ನೋಡೋದು? ಬಹುಶಃ ತಂತ್ರಾನೇ ಇರ್ಬೇಕು, ಅಪ್ಪ ಹೇಳಿದ ಹಾಗೆ."

ಅವನು ಫೋನಿನ ರೆಕಾರ್ಡಿಂಗ್ ನಿಲ್ಲಿಸಿದ. ನಂಬಲಿಲ್ಲ ಅಂತ ಕಾಣುತ್ತದೆ. ಆದರೆ ಕೆದಕಲಿಲ್ಲ. 'ಕಾಲ್ಪನಿಕ ಪ್ರೇಕ್ಷಕ' ಅಂತ ಬರೆದು, ಅಡಿಗೆರೆ ಎಳೆದು, ಫೋನು ಎತ್ತಿಕೊಂಡು, ಅಮ್ಮನಿಗೆ ಕೈ ಮುಗಿದು ಹೊರಟ. ಅಮ್ಮ ಪಾತ್ರೆ ಕೆಳಗಿಟ್ಟು, "ಮದುವೆಯಾದ್ರೆ ಹೆಂಡ್ತೀನ ಸಿನಿಮಾಗೆ ಕರ್ಕೊಂಡು ಹೋಗಪ್ಪಾ" ಅಂತ ಅವನಿಗೆ ಬುದ್ಧಿ ಹೇಳಿ ಕಳಿಸಿದಳು.

ಬಾಗಿಲು ಮುಚ್ಚಿದ ಮೇಲೆ ನಾನು ನನ್ನ ಫ್ಯಾನಿನ ಮುಂದೆ ಕೂತೆ. ಅಪ್ಪ ಕೋಣೆಯಲ್ಲಿ ಆ ಕಡೆ ಈ ಕಡೆ ಓಡಾಡಿದರು. ಕಟ್ಟುಗಳನ್ನು ಸರಿಯಾಗಿದ್ದರೂ ಸರಿಮಾಡಿದರು. ಕೊನೆಗೆ ಬಂದು ನನ್ನ ಪಕ್ಕ ನೆಲದ ಮೇಲೆಯೇ ಕೂತರು, ಇಸ್ತ್ರಿ ಅಂಗಿಯಲ್ಲಿ. ನಾನು ತಂತಿಯ ಒಂದು ತುದಿ ಹಿಡಿದುಕೊಳ್ಳಿ ಅಂತ ಕೊಟ್ಟೆ. ಹಿಡಿದುಕೊಂಡರು.

"ಆವತ್ತು ಎಚ್ಚರ ಇದ್ಯಾ?"

"ಹೂಂ."

"ಮತ್ತೆ ಅವನಿಗೆ ಯಾಕೆ ಹೇಳ್ಲಿಲ್ಲ?"

ನಾನು ಸುತ್ತುತ್ತಲೇ ಇದ್ದೆ.

"ಹೇಳಿದ್ರೆ ಅವನ ಪುಸ್ತಕಕ್ಕೆ ತುಂಬಾ ಒಳ್ಳೇದಾಗ್ತಿತ್ತು ಕಣೋ" ಅಂದರು ಅಪ್ಪ.

"ಅದಕ್ಕೇ ಹೇಳ್ಲಿಲ್ಲ."

ಅಪ್ಪ ನಕ್ಕರು. ಭುಜ ಗಡಗಡ ನಡುಗುವ ಹಾಗೆ, ತಂತಿ ಕೈಯಿಂದ ಜಾರುವ ಹಾಗೆ ನಕ್ಕರು. ನಾನು ನಗಲಿಲ್ಲ. ಅವರ ಜೇಬಿನಲ್ಲಿ ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಯಾರದೆಂದು ನೋಡುವ ಅಗತ್ಯ ನನಗಿರಲಿಲ್ಲ.

"ಬಿಡಿ, ಆಮೇಲೆ ಮಾಡ್ತಾನೆ. ತಂತಿ ಬಿಗಿಯಾಗಿ ಹಿಡ್ಕೊಳ್ಳಿ" ಅಂದೆ.